ಸಾಹೇಬರಿಗಾಗಿ ತೆರೆದ ದಾರಿ

ಮಾತಾಡಲು ಎದ್ದವರು ಮೊದಲು ಬಲಮೊಣಕಾಲನ್ನೊಮ್ಮೆ ತಿಕ್ಕಿಕೊಂಡರು. ಬೆಳಗಾವಿ ಅಧಿವೇಶನದ ನೇರಪ್ರಸಾರದಲ್ಲಿ ನಮ್ಮ ಶಾಸಕರ ಆ ಕೈಯನ್ನು ಬೇರೆ ಯಾರೂ ಗಮನಿಸಿರಲಾರರು. ಮೊಬೈಲ್ ಹಿಡಿದು ಒಬ್ಬಳೇ ಕೂತಿದ್ದ ನಾನು ನಕ್ಕುಬಿಟ್ಟೆ. ಆ ಮೊಣಕಾಲಿಗೆ ನಮ್ಮ ದೊಡ್ಡವ್ವ ಕಾರಣ.

ಆಲಮೇಲದ ಆಚೆ ದೊಡ್ಡಪ್ಪನ ಹೊಲವಿದೆ. ಅದರ ಬಂಡಿದಾರಿ ಶಿವಪ್ಪ ಕಾಕಾನ ಹೊಲದಲ್ಲಿ ಹಾಯುತ್ತದೆ. ಯಾವುದೋ ಮಾತಿಗೆ ಮುನಿಸಿಕೊಂಡು ಕಾಕಾ ಅಲ್ಲಿ ಜಾಲಿಮುಳ್ಳು ಹಚ್ಚಿದ್ದ. ಟ್ರ್ಯಾಕ್ಟರ್ ಬಾರದ ಹೊಲದಲ್ಲಿ ಕಬ್ಬು ಬೆಳೆದು ಸಾಗಿಸುವುದು ಹೇಗೆ? ದೊಡ್ಡಪ್ಪನಿಗಿದ್ದದ್ದು ಕಬ್ಬಿನದೇ ಆಸೆ. ನಮ್ಮ ಕಡೆ ಇಂಥ ಹೊಲಗಳು ಬೇಕಾದಷ್ಟಿವೆ. ಹೊಲದ ದಾರಿಯನ್ನು ಯಾರೂ ಮುಚ್ಚದಂತೆ ಗಟ್ಟಿಯಾದ ಕಾಯ್ದೆ ಬೇಕು, ಅದನ್ನು ಸದನದಲ್ಲಿ ಕೇಳಬೇಕು ಎಂದು ಒತ್ತಾಯಿಸಲು ರೈತರೆಲ್ಲ ಸೇರಿ ಹೋದ ಚಳಿಗಾಲದಲ್ಲಿ ಶಾಸಕರನ್ನು ಅದೇ ಹೊಲಕ್ಕೆ ಸೀತನಿಗೆ, ಅಂದರೆ ಎಳೆ ಜೋಳದ ತೆನೆ ಸುಟ್ಟು ತಿನ್ನುವ ಕೂಟಕ್ಕೆ, ಕರೆದರು. ಕಷ್ಟವನ್ನು ಕಣ್ಣಾರೆ ನೋಡಲಿ ಎಂಬ ಯೋಚನೆ. ಓದಿದವಳೆಂದು ಮಾತಾಡುವ ಕೆಲಸ ನನ್ನ ಪಾಲಿಗೆ ಬಂತು. ಕನ್ನಡಿಯ ಮುಂದೆ ನಾಲ್ಕು ಚಂದದ ವಾಕ್ಯ ಕಲಿತುಕೊಂಡೆ.

ಆದರೆ ನಮ್ಮ ಜನರ ಅತಿಥಿ ಸತ್ಕಾರ ನಿಮಗೆ ಗೊತ್ತಲ್ಲ. ಹಿಂದಿನ ದಿನ ಕಾಕಾನೇ ಬಂದ. "ಸಾಹೇಬ್ರು ನನ್ನ ಹೊಲದಾಗ ಹಾದು ಬರೂಮುಂದ ಮುಳ್ಳ ಇದ್ರ ಹೆಂಗ? ಊರ ಮರ್ಯಾದಿ ಐತಿ" ಎಂದು ಮುಳ್ಳು ಕಿತ್ತ. ಅವನನ್ನು ತಡೆಯಬೇಕಾದ ನಮ್ಮವರೇ ಸಲಿಕೆ ತಂದು ತಗ್ಗು ಮುಚ್ಚಿದರು, ಗರಸುಮಣ್ಣು ಹರಡಿ ನೀರು ಹೊಡೆದರು. ಶಾಸಕರ ಕಾರು ಜೋಳದ ಸಾಲಿನವರೆಗೂ ಬಂದು ನಿಂತಿತು.

ಕೆಂಡದಲ್ಲಿ ಸುಟ್ಟ ಎಳೆತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬಿಸಿ ಕಾಳನ್ನು ಶೇಂಗಾ ಚಟ್ನಿಯೊಂದಿಗೆ ಕೊಟ್ಟಾಗ ಯಾರಿಗೆ ಕಾಯ್ದೆ ನೆನಪಾಗುತ್ತದೆ? ಉಣ್ಣುವವರ ಮುಂದೆ ಕೆಲಸದ ಮಾತು ತೆಗೆಯುವುದು ನಮ್ಮಲ್ಲಿ ಸಲ್ಲದು. ಕೊನೆಗೆ ದೊಡ್ಡಪ್ಪ ದಾರಿಯ ಮಾತೆತ್ತಿದಾಗ ಶಾಸಕರು ಕೈ ಒರೆಸಿಕೊಳ್ಳುತ್ತ ಅಂದರು, "ದಾರಿ ಇಷ್ಟ ಚಲೋ ಐತಿ. ಇದಕ್ಯಾಕ ಕಾಯ್ದೆ?"

ಎಲ್ಲರೂ ನನ್ನತ್ತ ನೋಡಿದರು. ಕಲಿತ ನಾಲ್ಕು ವಾಕ್ಯಗಳನ್ನು ಬಿಟ್ಟು ನಾನು ದೊಡ್ಡವ್ವನತ್ತ ನೋಡಿದೆ.

ದೊಡ್ಡವ್ವ ಎದ್ದಳು. "ಇದು ನಿಮ್ಮ ದಾರಿರಿ ಸಾಹೇಬ್ರ. ಇಲ್ಲಿ ಮುಳ್ಳ ಹಚ್ಚಿದಾಗಿಂದ ನಮ್ಮ ದಾರಿ ಆ ಕಡೆ ಐತಿ. ಹೊಳ್ಳಿ ಹೋಗೂಮುಂದ ಅದ್ರಾಗ ಹೋಗೂಣು, ನಡ್ರಿ." ತೆನೆಗಳ ಗಂಟೊಂದನ್ನು ಅವರ ಕೈಗಿಟ್ಟಳು. "ಇದು ನಿಮ್ಮ ಮನಿಯವ್ರಿಗಿ. ನೀವ ಹೊತ್ಕೊಳ್ರಿ. ಕೈಬೀಸ್ಕೊಂಡು ಹೋದ್ರ ಯಾವ ದಾರಿನೂ ಚಲೋನ."

ಸಾಹೇಬರು ನಗುತ್ತಲೇ ಹೊರಟರು. ಬದುವಿನ ಮೇಲೆ ಚಪ್ಪಲಿಗೆ ಎರೆಮಣ್ಣು ಮೆತ್ತಿತು; ಹಳ್ಳ ಇಳಿಯುವಾಗ ಕಾಲು ಜಾರಿ ಮೊಣಕಾಲೂರಿ ಕುಸಿದರು. ಗಂಟು ಹಿಡಿದ ಕೈ ಮಾತ್ರ ಮೇಲೇ ಇತ್ತು.

"ಮೊಣಕಾಲ ಹೋತು ಯವ್ವಾ, ತೆನಿ ಉಳದಾವು" ಎಂದರು.

"ನಾವು ದಿನಾ ಹಿಂಗ ಉಳಸ್ತೀವ್ರಿ" ಎಂದಳು ದೊಡ್ಡವ್ವ.

ಅವರು ಹೋದ ಮರುದಿನವೇ ಕಾಕಾನ ಮುಳ್ಳು ಮೊದಲಿನ ಜಾಗಕ್ಕೆ ಬಂತು. ನಾವೂ ಆಸೆ ಬಿಟ್ಟಿದ್ದೆವು.

ಈಗ ಮತ್ತೊಂದು ಚಳಿಗಾಲಕ್ಕೆ ಅವರು ಸದನದಲ್ಲಿ ಹೇಳುತ್ತಿದ್ದರು, "ಅಧ್ಯಕ್ಷರೇ, ಆ ದಾರಿಯಲ್ಲಿ ನಾನೇ ನಡೆದು ನೋಡಿದ್ದೇನೆ. ಇದಕ್ಕೆ ಕಾಯ್ದೆ ಬೇಕೇ ಬೇಕು." ಮಂತ್ರಿಗಳು ಮಸೂದೆ ತರುತ್ತೇವೆ ಎಂದರು.

ಸಂಜೆ ದೊಡ್ಡಪ್ಪನ ಫೋನ್ ಬಂತು. ನಗು ತಡೆದು ಮಾತಾಡುತ್ತಿದ್ದ. "ಶಿವ್ಯಾನೂ ಮೊಬೈಲ್‌ನ್ಯಾಗ ನೋಡ್ಯಾನ. ಕಾಯ್ದೆ ಬಂದು ಮುಳ್ಳ ತಗಸೂದಕ್ಕಿಂತ ಮೊದಲ ನಾನ ತಗದ್ರ ನನಗ ಮರ್ಯಾದಿ ಅಂದ. ತಗದಾನ."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಆಲಮೇಲಕ್ಕೆ ಹೋದೆ. ತಿಪ್ಪೆಗೊಬ್ಬರ ತುಂಬಿದ ಟ್ರೇಲರ್ ಎಳೆಯುತ್ತಿದ್ದ ಟ್ರ್ಯಾಕ್ಟರಿನಲ್ಲಿ ದೊಡ್ಡಪ್ಪನ ಪಕ್ಕ ಕೂತು, ಕಾಕಾನ ಹೊಲ ಹಾದು, ಕಬ್ಬು ಹಚ್ಚಬೇಕಾದ ಜಾಗದವರೆಗೂ ಹೋದೆ.