ಸುಗಲಾಬಾಯಿ ಬರೆದ ನೂರು ಮಾತು

ಚಪಳಗಾಂವದ ಸುಗಲಾಬಾಯಿಗೆ ಪೋಲಿಷ್ ಬರುತ್ತಿತ್ತು. ನಗಬೇಡಿ, ಖರೆ ಮಾತು. ಕನ್ನಡ ಸಾಲೆಯಲ್ಲಿ ಮೂರನೆಯ ಇಯತ್ತೆಗೇ ಪಾಟಿ ಕೆಳಗಿಟ್ಟ ಹೆಂಗಸು ಅವಳು. ಯುದ್ಧದ ಕಾಲಕ್ಕೆ ಕೊಲ್ಲಾಪುರದ ಹತ್ತಿರ ವಳಿವಡೆಯಲ್ಲಿ ಪೋಲಂಡಿನ ನಿರಾಶ್ರಿತರು ತಂಗಿದ್ದ ಛಾವಣಿ ಇತ್ತು. ಗಂಡ ಅಲ್ಲಿ ನೀರು ಹೊರುತ್ತಿದ್ದ, ಇವಳು ಹೇಲೆನಾ ಎಂಬ ಮುದುಕಿಯ ಪಾತ್ರೆ ತಿಕ್ಕುತ್ತಿದ್ದಳು. ನಾಲ್ಕು ವರ್ಷದಲ್ಲಿ ಆ ಭಾಷೆ ಕಿವಿಯಿಂದ ನಾಲಗೆಗೆ ಇಳಿಯಿತು. ನೀರಿಗೆ ವೋದಾ, ಬ್ರೆಡ್ಡಿಗೆ ಖ್ಲೇಬ್, ಕೈಗೆ ರೆಂಕಾ.

ಒಂದು ಮಾತಿಗೆ ಮಾತ್ರ ಅವಳಿಗೆ ನಗು ತಡೆಯುತ್ತಿರಲಿಲ್ಲ. ಮುದುಕಿ ಹೌದು ಅನ್ನುವಲ್ಲೆಲ್ಲ ‘ನೋ, ನೋ’ ಎನ್ನುತ್ತಿದ್ದಳು. ಬೇಡ ಅನ್ನಲಿಕ್ಕೆ ಅವರ ಮಾತು ‘ನ್ಯೆ’. ಮೊದಲ ದಿನ ಚಹಾ ಬೇಕೇ ಎಂದು ಸನ್ನೆ ಮಾಡಿ ಕೇಳಿದಾಗ ಮುದುಕಿ ‘ನೋ’ ಅಂದಳು. ಇವಳು ಕಪ್ಪನ್ನು ಒಳಗೊಯ್ದಿಟ್ಟು ಚೆನ್ನಾಗಿ ಬೈಸಿಕೊಂಡಳು.

ಛಾವಣಿ ಮುಚ್ಚಿತು, ಗಂಡ ತೀರಿಕೊಂಡ. ಸುಗಲಾಬಾಯಿ ಸೊಲ್ಲಾಪುರಕ್ಕೆ ಬಂದು ತಮ್ಮ ಸೈದಪ್ಪನ ಚಾಳಿನ ಖೋಲಿ ಸೇರಿದಳು. ಸೈದಪ್ಪ ಗಿರಣಿಯಲ್ಲಿ ಯಂತ್ರಕ್ಕೆ ಎಣ್ಣೆ ಬಿಡುವವನು. ೧೯೫೭ರಲ್ಲಿ ಆ ಗಿರಣಿಗೆ ಅರಳೆ ಹಿಂಜುವ ಹೊಸ ಯಂತ್ರ ಬಂತು. ಅದನ್ನು ಕೂಡಿಸಲಿಕ್ಕೆ ಸ್ತೆಫಾನ್ ಎಂಬ ಪೋಲಿಷ್ ಫಿಟ್ಟರ್ ಬಂದ. ಅವನಿಗೆ ಇಂಗ್ಲಿಷೂ ಬಾರದು. ಅಕ್ಕನ ವಿದ್ಯೆಯನ್ನು ಸೈದಪ್ಪನೇ ಹೆಮ್ಮೆಯಿಂದ ಹೇಳಿಬಿಟ್ಟ.

ಗಿರಣಿಯ ಹೆಡ್ ಕ್ಲಾರ್ಕ್ ಶಂಕರೆಪ್ಪ, ಸ್ತೆಫಾನನಿಗೆ ಕಲಿಸಲೆಂದು, ದಿನಬಳಕೆಯ ನೂರು ಇಂಗ್ಲಿಷ್ ಮಾತು ಆರಿಸಿ, ಒಂದೊಂದರ ಅರ್ಥ ಹೇಳಿದ. ಸುಗಲಾಬಾಯಿ ಪ್ರತಿಯೊಂದರ ಮುಂದೆ ಪೋಲಿಷ್ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದಳು. ಓದಿ ಹೇಳಿದ್ದನ್ನು ಸ್ತೆಫಾನ್ ತನ್ನ ವಹಿಯಲ್ಲಿ ಇಳಿಸಿಕೊಂಡ. ‘ನೋ’ ಬಂತು. ‘ನ್ಯೆ’ ಎಂದು ಬರೆದಳು. ಹಳೆಯ ಚಹಾದ ಕಪ್ಪು ನೆನಪಾಗಿ ನಕ್ಕಳು.

“ಶಂಕರೆಪ್ಪನವರ, ಇದರಾಗ ಒಂದು ಮಜಾ ಐತ್ರಿ—”

“ಮಜಾ ಆಮ್ಯಾಲ ಹೇಳು. ಇನ್ನಾ ನಲವತ್ತು ಮಾತು ಅದಾವ, ಮುಂದ ನಡಿ.”

ಮುಂದೆ ನಡೆದಳು. ಆಮೇಲೆ ಮರೆತಳು. ಮನೆಗೆ ಬಂದು ತಮ್ಮನಿಗೆ ಅಷ್ಟಿಷ್ಟು ಕಲಿಸಿದಳು: “ಸ್ತೆಫಾನ್ ಸಾಹೇಬಗ ನಮ್ಮ ಮಾತು ತಿಳಿಯೂದಿಲ್ಲೋ. ಬ್ಯಾಡ ಅನ್ನೂದಿದ್ರ ‘ನೋ’ ಅನ್ನು.”

ಹದಿನೆಂಟನೆಯ ದಿನ ಸೈದಪ್ಪ ಯಂತ್ರದ ಉರುಳೆಯ ಸಂದಿಯಲ್ಲಿ ಕೈಯಿಟ್ಟು ಸಿಕ್ಕ ಅರಳೆ ಕೀಳುತ್ತಿದ್ದ. ಆಚೆ ಬದಿಯಲ್ಲಿ ಸ್ವಿಚ್ಚಿನ ಹತ್ತಿರ ನಿಂತ ಸ್ತೆಫಾನ್ “ಸ್ಟಾರ್ಟ್?” ಎಂದು ಕೂಗಿದ. “ನೋ! ನೋ!” ಎಂದು ಸೈದಪ್ಪ ಒದರಿದ. ಹದಿನೆಂಟು ದಿನದ ವಹಿಗಿಂತ ತಾಯಿನುಡಿ ಬೇಗ ಕೈಗೆ ಮುಟ್ಟುತ್ತದೆ. ಸ್ತೆಫಾನ್ ಸ್ವಿಚ್ಚು ಹಾಕಿಬಿಟ್ಟ. ಸೈದಪ್ಪನ ಬಲಗೈ ಮೊಳಕೈವರೆಗೆ ಹೋಯಿತು.

ವಿಚಾರಣೆಗೆ ಬಂದ ಸಾಹೇಬನಿಗೆ ಒಂದೇ ಸಂಗತಿ ತಿಳಿಯಬೇಕಾಗಿತ್ತು. ಸೈದಪ್ಪ ಬೇಡವೆಂದು ಕೂಗಿದ್ದು ಸಿದ್ಧವಾದರೆ ಗಿರಣಿಯವರು ಅವನಿಗೆ ಬಾಗಿಲು ಕಾಯುವ ಕೆಲಸ ಕೊಡಬೇಕು. ಇಲ್ಲವಾದರೆ ತಪ್ಪು ಅವನದೇ, ಹೆಸರು ಹೊಡೆದುಹಾಕುವುದು. ದುಭಾಷಿ ಬೇರೆ ಯಾರಿದ್ದಾರೆ? ಸುಗಲಾಬಾಯಿಯೇ ಪೋಲಿಷಿನಲ್ಲಿ ಕೇಳಿದಳು, ಅವನು ಬೇಡವೆಂದು ಕೂಗಿದನೇ ಎಂದು.

ಸ್ತೆಫಾನ್ ಮುಖ ಮುಚ್ಚಿಕೊಂಡು ಅತ್ತ. “ನೋ... ನೋ...” ಎಂದ.

ತಲೆ ಬಗ್ಗಿಸಿ ಕೂತಿದ್ದ ಸಾಹೇಬ ಅವಳ ಕಡೆ ನೋಡಲೂ ಇಲ್ಲ. ‘ನೋ’ ಎಂದು ಬರೆದುಬಿಟ್ಟ.

“ಸಾಹೇಬ್ರ, ತಡೀರಿ! ಅವರ ಮಾತಿನ್ಯಾಗ ‘ನೋ’ ಅಂದ್ರ ಹೌದು ಅಂತ್ರಿ!”

ಸಾಹೇಬ ನಕ್ಕ. ಶಂಕರೆಪ್ಪನ ಕಡೆ ಕೈ ಚಾಚಿದ. ಶಂಕರೆಪ್ಪ ಪಟ್ಟಿ ತೆಗೆದು, ಅರವತ್ತನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದ: “ನೋ. ನ್ಯೆ.”

“ಯಾರ ಅಕ್ಷರ ಬಾಯಿ ಇದು?”

“ನಂದ್ರಿ. ಆದ್ರ—”

“ನೀನು ಸೈದಪ್ಪನ ಅಕ್ಕ ಅಲ್ಲವೇ?” ಎಂದು ಕೇಳಿ ಸಾಹೇಬ ಕಾಗದ ಮಡಚಿದ. ಸುಗಲಾಬಾಯಿಗೆ ಶಂಕರೆಪ್ಪನ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ಆದರೆ ಪಟ್ಟಿಯಲ್ಲಿ ತಪ್ಪು ಎಲ್ಲಿತ್ತು?

ಅವಳು ಖೋಲಿಗೆ ಬಂದಾಗ ಸೈದಪ್ಪ ಗೋಡೆಗೆ ಒರಗಿ ಕೂತಿದ್ದ. “ಏನಾತಕ್ಕಾ? ಸ್ತೆಫಾನ್ ಸಾಹೇಬ ಖರೆ ಹೇಳಿದ್ನೇನು?”

“ಖರೇನ ಹೇಳಿದ. ಬರಕೊಂಡವರು ಉಲ್ಟಾ ಬರಕೊಂಡ್ರು.” ಚಹಾದ ಕಪ್ಪಿನಿಂದ ಹಿಡಿದು ಎಲ್ಲ ಹೇಳಿದಳು.

ಅವನು ಎಡಗೈಯಿಂದ ಅಂಗಿಯ ಖಾಲಿ ತೋಳು ಮಡಚಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ:

“ಹಂಗಾದ್ರ ನಾ ‘ಬ್ಯಾಡ’ ಅಂತ ಒದರಿದ್ರ ಅವ ನಿಲ್ಲತಿದ್ನೇನಕ್ಕಾ?”

ಗೊತ್ತಿಲ್ಲದ ಮಾತು ಕಿವಿಗೆ ಬಿದ್ದರೆ ಯಾವ ಮನುಷ್ಯನಾದರೂ ಒಂದು ಗಳಿಗೆ ತಡೆಯುತ್ತಾನೆ. ಅದು ಅವಳಿಗೆ ಗೊತ್ತಿತ್ತು.

“ನಿಲ್ಲತಿದ್ದ ತಮ್ಮಾ,” ಎಂದಳು.