ಅತ್ತೆಯ ಮಾಡಿಗೆ ಮೊಳೆ ಗನ್ನು

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ, ಪಶ್ಚಾತ್ತಾಪದ ಪಾತ್ರವನ್ನೂ ಹುಡುಗ ಚೆನ್ನಾಗಿ ಮಾಡಿದ ಎಂದು ನಮ್ಮ ಕೇರಿಯವರು ಚಪ್ಪಾಳೆ ಹೊಡೆದಾರು. ಮೊಳೆ ಹೊಡೆಯುವ ಎರಡು ಗನ್ನುಗಳಲ್ಲಿ ಒಂದನ್ನು ಆರಿಸಬೇಕಿತ್ತು. ನಾನು ದನಿ ಕೇಳಿ ಆರಿಸಿದೆ.

ಆಗ ಅಂಕೋಲೆಯಲ್ಲಿ ನನ್ನ ಭಾವ, ಅಂದರೆ ಅಕ್ಕನ ಗಂಡ, ಬಡಗಿ ಕೆಲಸದ ಶೆಡ್ಡು ಇಟ್ಟಿದ್ದ. ಕೈ ಅವನದು, ಬಾಯಿ ನನ್ನದು. ಗಿರಾಕಿಗಳನ್ನು ಕೂರಿಸಿ ಮಾತಾಡಿಸುವುದು, ಬಾಗಿಲು ತಡವಾದರೆ ಸಮಾಧಾನ ಮಾಡುವುದು, ನಡುವೆ ಕಾರವಾರ ಬಸ್ಸಿನ ಕಂಡಕ್ಟರ್, ಮೀನು ಮಾರುವ ಹೆಂಗಸು, ಸ್ವತಃ ಭಾವನ ಕೆಮ್ಮು, ಎಲ್ಲವನ್ನೂ ಅಣಕಿಸಿ ನಗಿಸುವುದು ನನ್ನ ಉದ್ಯೋಗ. ಸಂಬಳಕ್ಕೆ ತಕ್ಕ ಕೆಲಸ ಇದರಲ್ಲಿ ಯಾವುದು ಎಂದು ಭಾವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. "ನಿನ್ನ ನಾಲಿಗೆಗೆ ಕೀಸುಳಿ ಹಾಕೂಕೆ ಬತ್ತಿದ್ರೆ ಯಾವಾಗ್ಲೋ ತೆಳು ಮಾಡ್ತಿದ್ದೆ ಮಾರಾಯಾ" ಎನ್ನುತ್ತಿದ್ದ. ಹಾಗೆಂದದ್ದನ್ನೂ ನಾನು ಮರುದಿನ ಅವನ ದನಿಯಲ್ಲೇ ಆಡಿ ತೋರಿಸುತ್ತಿದ್ದೆ.

ಅತ್ತೆ ಅಪ್ಪನ ಅಕ್ಕ. ಚೆಂಡಿಯಾದಲ್ಲಿ ಅವಳ ಮನೆ. ಆ ಜಾಗ ನೌಕಾನೆಲೆಗೆ ಹೋಯಿತು. ಸುತ್ತಲಿನವರು ಗೋಡೆಯನ್ನೂ ಮಾಡನ್ನೂ ಬಿಟ್ಟು ಪಾತ್ರೆಪಗಡ ಹೊತ್ತು ಹೊರಟಾಗ ಅತ್ತೆ ಮಾತ್ರ ಆಳು ಹಿಡಿದು ಮಾಡು, ಅಂದರೆ ಇಡೀ ಹಂಚಿನ ಸೂರು, ಇಳಿಸಿದಳು. ಹಲಸಿನ ಪಕಾಸಿಗಳು ಅವು, ಹಂಚಿನ ಭಾರ ಹೊತ್ತು ಇಳಿಜಾರಾಗಿ ನಿಲ್ಲುವ ಉದ್ದನೆಯ ಮರಗಳು. ಅವಳ ಮಾವನ ಕಾಲದವು. ಒಂದಕ್ಕೊಂದು ಸೇರಿಸಿದ್ದು ಮರದ ಗೂಟಗಳಿಂದ. ಹಿಂದಿನಿಂದ ಒಂದು ಏಟು ಕೊಟ್ಟರೆ ಗೂಟ ಹೊರಗೆ, ಮರ ಕೈಗೆ. ಪ್ರತಿ ಮರಕ್ಕೂ ಸುಣ್ಣದಲ್ಲಿ ಗುರುತು ಹಾಕಿಸಿ, ಇಡೀ ಮಾಡನ್ನು ಟೆಂಪೋದಲ್ಲಿ ನಮ್ಮ ಹಿತ್ತಲಿಗೆ ತಂದಳು. ತೋಡೂರಿನ ಕಡೆ ಸರ್ಕಾರ ಕೊಡುವ ಸೈಟು ಸಿಗುವವರೆಗೆ ಇಲ್ಲಿ ನಿಲ್ಲಿಸುವುದು, ಸಿಕ್ಕ ಮೇಲೆ ಅಲ್ಲಿಗೆ ಒಯ್ಯುವುದು, ಅದೇ ಅಗಲ, ಅದೇ ಉದ್ದ. ಮನೆ ಹೋಯಿತು ಎಂದು ಅವಳು ಯಾರ ಹತ್ತಿರವೂ ಹೇಳಲಿಲ್ಲ. "ಮನೆ ಬಿಚ್ಚಿಟ್ಟಿದ್ದೇನೆ" ಎನ್ನುತ್ತಿದ್ದಳು, ಕೊಡೆ ಮಡಚಿಟ್ಟವರ ಹಾಗೆ.

ಮಳೆ ಹತ್ತಿರವಿತ್ತು. ಗೂಟಗಳಲ್ಲಿ ಅರ್ಧಕ್ಕರ್ಧ ಇಳಿಸುವಾಗಲೇ ಮುರಿದಿದ್ದವು. ಹೊಸದನ್ನು ಕೆತ್ತುತ್ತ ಕೂತರೆ ಮಳೆ ಬಂದು ಮಾಡಿನ ಮೇಲಲ್ಲ, ಹಾಸಿಗೆಯ ಮೇಲೇ ಬೀಳುವಂತಿತ್ತು. ಹಾಗಾಗಿ ಮೊಳೆ ಎಂದಾಯಿತು. ಭಾವ ಅದೇ ಹೊತ್ತಿಗೆ ಮೊಳೆ ಗನ್ನಿನ ಕನಸು ಕಾಣುತ್ತಿದ್ದ. ಊರೂರಲ್ಲಿ ಹೊಸ ಮನೆ ಏಳುತ್ತಿರುವಾಗ ಸುತ್ತಿಗೆ ಹಿಡಿದು ಎಲ್ಲಿಯವರೆಗೆ ಎಂದು ಅವನ ವಾದ. ಮಡಗಾಂವಿನಿಂದ ಯಂತ್ರ ಮಾರುವವನೊಬ್ಬ ಎರಡು ಗನ್ನು ತಂದು ಹಿತ್ತಲಲ್ಲೇ ಹೊಡೆದು ತೋರಿಸಿದ.

ಮೊದಲನೆಯದು ಗಾಳಿಯದ್ದು. ಹಂಡೆಯಂಥ ಕಂಪ್ರೆಸರ್, ಅದರಿಂದ ಹೊರಟ ಉದ್ದನೆಯ ಪೈಪು, ಪೈಪಿನ ತುದಿಗೆ ಗನ್ನು. ಕರೆಂಟು ಬೇಕು. ಅದರ ಮೊಳೆ ನಮ್ಮ ಅಂಗಡಿಯ ಮೊಳೆಯಂತೆಯೇ, ತಲೆ ಪೂರ್ತಿ ದುಂಡು, ಮೈ ನುಣುಪು. ಎರಡನೆಯದು ಗ್ಯಾಸಿನದ್ದು. ಪೈಪಿಲ್ಲ, ಹಂಡೆಯಿಲ್ಲ. ಹೊಟ್ಟೆಯೊಳಗೆ ಸಣ್ಣ ಗ್ಯಾಸ್ ಡಬ್ಬಿ, ಹಿಡಿಕೆಯಲ್ಲಿ ಬ್ಯಾಟರಿ. ಅದರ ಮೊಳೆಗಳನ್ನು ಕಾಗದದ ಪಟ್ಟಿಯಲ್ಲಿ ಒತ್ತೊತ್ತಾಗಿ ಜೋಡಿಸಿದ್ದರು. ಒತ್ತಾಗಿ ಕೂರಲೆಂದು ತಲೆಯನ್ನು ಅರ್ಧಚಂದ್ರದ ಹಾಗೆ ಕತ್ತರಿಸಿದ್ದರು. ಮೈತುಂಬ ಬಳೆ ಬಳೆಯಾಗಿ ಗೆರೆ ಕೊರೆದಿದ್ದರು.

"ಹೇ ರಿಂಗಾಚೆ ಮೊಳೆ" ಎಂದ ಮಾರುವವನು, ಕೊಂಕಣಿಯಿಂದ ಕನ್ನಡಕ್ಕೆ ಜಿಗಿಯುತ್ತ. "ಒಳಗೆ ಹೋದ್ರೆ ಹಲ್ಲು ಕಚ್ಚಿದಂಗೆ. ಬಿಡೂದೇ ಇಲ್ಲ. ಚಿಂತಾ ನಾಕಾ, ಚಿಂತೆ ಬೇಡ."

ಭಾವನಿಗೆ ಗಾಳಿಯದ್ದೇ ಮನಸ್ಸಿಗೆ ಬಂದಿತ್ತು. "ಗ್ಯಾಸು ಮುಗಿದ್ರೆ ಡಬ್ಬಿ ತರೂಕೆ ಮಡಗಾಂವಿಗೆ ರೈಲು ಹತ್ತೂದಾ?" ಎಂದ. ಸರಿಯಾದ ಪ್ರಶ್ನೆ. ಆದರೆ ಕಂಪ್ರೆಸರಿನ ಗಡಗಡ ನನಗೆ ಹಿಡಿಸಲಿಲ್ಲ. ಅದನ್ನು ಅಣಕಿಸಿದರೆ ಗಂಟಲು ನೋವು, ಕೇಳುವವರಿಗೆ ಮುದುಕರ ಗೊರಕೆ. ಗ್ಯಾಸಿನದ್ದಕ್ಕೆ ಒಂದು ಠೀವಿ ಇತ್ತು. ಮೊದಲು ಒಳಗಿನ ಸಣ್ಣ ಫ್ಯಾನು ಸುಯ್ಯ್ ಎಂದು ಉಸಿರೆಳೆಯುವುದು, ಆಮೇಲೆ ಠಕ್. ಮೊದಲ ಸಲಕ್ಕೇ ನನ್ನ ಬಾಯಲ್ಲಿ ಕೂತಿತು. ಅಲ್ಲಿಗೆ ನನ್ನ ತಾಂತ್ರಿಕ ಪರಿಶೀಲನೆ ಮುಗಿಯಿತು.

ಭಾವನನ್ನು ಒಲಿಸಲು ಭಾವನನ್ನೇ ಅಣಕಿಸಿದೆ. ಮಾಡಿನ ಮೇಲೆ ಹತ್ತಿ ಕೂತಿದ್ದಾನೆ, ಕರೆಂಟು ಹೋಗಿದೆ, ಪೈಪು ಕಾಲಿಗೆ ಸುತ್ತಿದೆ, ಕೆಮ್ಮುತ್ತ ಕೆಳಗಿನವರನ್ನು ಕೇಳುತ್ತಿದ್ದಾನೆ: "ಬಂತನೋ? ಕರೆಂಟು ಬಂತನೋ?" ನೋಡಲು ಬಂದ ನೆರೆಯವರು ಹೊಟ್ಟೆ ಹಿಡಿದುಕೊಂಡರು. ಭಾವನೂ ನಕ್ಕ. ಕರೆಂಟಿನ ವಿಷಯದಲ್ಲಿ ನನ್ನ ಮಾತು ಸುಳ್ಳೂ ಆಗಿರಲಿಲ್ಲ.

ಆಗ ಅತ್ತೆ ಕೇಳಿದಳು. ಅವಳು ಪಕಾಸಿಗಳ ರಾಶಿಯ ಪಕ್ಕ ನಿಂತಿದ್ದಳು, ಸೆರಗಿನ ತುದಿ ಗಲ್ಲಕ್ಕೆ ಒತ್ತಿಕೊಂಡು.

"ಹೌದನಾ, ಈ ಮೊಳೆ ಹೊಡದ್ಮೇಲೆ ಕೀಳೂಕೆ ಬತ್ತದ್ಯಾ?"

ಮಾರುವವನು ಅವಳ ಕಡೆ ತಿರುಗಿ ಬಾಯಿ ತೆರೆದ. ತೆರೆದದ್ದು ನನಗೆ ಈಗಲೂ ಕಾಣುತ್ತದೆ. ನಾನು ಬಿಡಬೇಕಲ್ಲ. ಅಕ್ಕನ ಹೆಗಲ ಮೇಲಿನ ಟವೆಲು ಎಳೆದು ಗಲ್ಲಕ್ಕೆ ಒತ್ತಿಕೊಂಡು, ಅತ್ತೆಯ ಆ ರಾಗವನ್ನು ಇನ್ನಷ್ಟು ಎಳೆದು, "ಹೌದನಾ, ಹೊಡದ್ಮೇಲೆ ಕೀಳೂಕೆ ಬತ್ತದ್ಯಾ? ಕಿತ್ತದ್ದು ಮಡಚೂಕೆ ಬತ್ತದ್ಯಾ? ಮಡಚಿ ಕುಂಕುಮದ ಡಬ್ಬೀಲಿ ಇಡೂಕೆ ಬತ್ತದ್ಯಾ?" ಎಂದೆ.

ಆ ದಿನ ಬಿದ್ದಷ್ಟು ನಗು ನನ್ನ ಯಾವ ಅಣಕಕ್ಕೂ ಬಿದ್ದಿರಲಿಲ್ಲ. ಅತ್ತೆಯೂ ನಕ್ಕಳು, "ಥೂ, ನಿನ್ನ" ಎಂದು ಕೈ ಬೀಸಿದಳು. ಮಾರುವವನೂ ನಕ್ಕ. ನಗು ಇಳಿಯುವ ಹೊತ್ತಿಗೆ ಭಾವ ಗ್ಯಾಸಿನ ಗನ್ನು ಕೈಗೆತ್ತಿಕೊಂಡಿದ್ದ. ಅವಳ ಪ್ರಶ್ನೆ ಅಲ್ಲೇ ಹಿತ್ತಲಲ್ಲಿ ಬಿದ್ದುಹೋಯಿತು. ಅವಳು ಎರಡನೇ ಸಲ ಕೇಳಲಿಲ್ಲ. ಕೇಳಿದರೆ ನಾನು ಎರಡನೇ ಸಲ ಅಣಕಿಸುತ್ತೇನೆಂದು ಅವಳಿಗೆ ಗೊತ್ತಿತ್ತು.

ಮಾಡು ಮಳೆಗೆ ಮೊದಲೇ ಎದ್ದಿತು. ಹೊಗಳಿದವರೇ ಎಲ್ಲರೂ. ನಾನೂ ಮೇಲೆ ಹತ್ತಿ ಹೊಡೆದೆ. ಪಕಾಸಿಯ ಬುಡ ಗೋಡೆಯ ತೊಲೆಗೆ ಕೂರುವ ಕಡೆ ಒಂದು ಮೊಳೆ ಸಾಕಿದ್ದಲ್ಲಿ ಆ ಸದ್ದು ಇನ್ನೊಮ್ಮೆ ಕೇಳಲೆಂದು ಇನ್ನೊಂದು ಹೊಡೆದೆ. ಕೆಳಗೆ ಜನ ನಿಂತಿದ್ದರೆ ಮತ್ತೂ ಒಂದು.

ಕೆಲವು ಮಳೆಗಾಲ ಕಳೆದ ಮೇಲೆ ಸೈಟು ಬಂತು. ಅತ್ತೆ ಆಳುಗಳಿಗೆ ಅವಲಕ್ಕಿ ಕಲಸಿಟ್ಟು, ಸೀರೆ ಎತ್ತಿ ಸಿಕ್ಕಿಸಿ, ಹೊರಡುವ ಸಂಭ್ರಮದಲ್ಲಿದ್ದಳು. ಹಂಚು ಇಳಿಯಿತು. ಭಾವ ಹತ್ತಿ ಮೊದಲ ಮೊಳೆಗೆ ಸುತ್ತಿಗೆಯ ಹಿಂಬದಿ ಸಿಕ್ಕಿಸಿ ಎಳೆದ. ಅರ್ಧಚಂದ್ರದ ತಲೆ ಪಟ್ಟೆಂದು ಹಾರಿತು. ಮೈ ಒಳಗೇ ಉಳಿಯಿತು. ಎರಡನೆಯದೂ ಹಾಗೆಯೇ. ಮೂರನೆಯದು ಕಿತ್ತು ಬಂತು, ಆದರೆ ಹಲಸಿನ ಸಿಬಿರನ್ನೂ ಕಚ್ಚಿಕೊಂಡು ಬಂತು. ಮರ ಬುಡದಿಂದ ಮೊಣಕೈ ಉದ್ದಕ್ಕೆ ಸೀಳಿತು. ಆ ಸದ್ದನ್ನು ನಾನು ಯಾವತ್ತೂ ಅಣಕಿಸಿಲ್ಲ.

ಭಾವ ಸಂದಿಯಲ್ಲಿ ಗರಗಸದ ಬ್ಲೇಡು ತೂರಿಸಿ ಮೊಳೆ ಕೊಯ್ದು ನೋಡಿದ. ಒಂಟಿ ಮೊಳೆ ಇದ್ದ ಕಡೆ ಅದು ನಡೆಯಿತು. ಬುಡದ ಹತ್ತಿರ, ನಾನು ಜನ ನೋಡಲೆಂದು ಹೊಡೆದ ಕಡೆ, ಮರಕ್ಕೆ ಮರ ಬಿಗಿದು ಬ್ಲೇಡು ತೂರಲು ಜಾಗವೇ ಇರಲಿಲ್ಲ. ಕೊನೆಗೆ ಬುಡಗಳನ್ನೇ ಕೊಯ್ಯಬೇಕಾಯಿತು. ಒಂದೊಂದು ಪಕಾಸಿಯೂ ಗಿಡ್ಡವಾಯಿತು. ಆ ಮರಗಳು ಇನ್ನು ಅತ್ತೆಯ ಮನೆಯ ಅಗಲಕ್ಕೆ ಮುಟ್ಟುವಂತಿರಲಿಲ್ಲ.

"ಕೊಟ್ಟಿಗೆಗೆ ಆತದೆ ಅತ್ತೆ" ಎಂದ ಭಾವ, ಅವಳ ಮುಖ ನೋಡದೆ. "ಮನೆಗೆ ಆಗೂದಿಲ್ಲ."

"ನಂಗೆ ಕೊಟ್ಟಿಗೆ ಎಲ್ಲದೆ?" ಎಂದಳು ಅತ್ತೆ. ಅಷ್ಟೇ. ಆಮೇಲೆ ಬಗ್ಗಿ ಮರಗಳ ಮೇಲಿನ ಸುಣ್ಣದ ಗುರುತು ನೋಡುತ್ತ, ಇದರ ಪಕ್ಕ ಇದು, ಅದರ ಪಕ್ಕ ಅದು ಎಂದು ಕ್ರಮವಾಗಿ ಜೋಡಿಸತೊಡಗಿದಳು. ಸೀಳಿದ್ದನ್ನೂ ಅದರ ಜಾಗದಲ್ಲೇ ಇಟ್ಟಳು. ಯಾರೂ ಅವಳನ್ನು ತಡೆಯಲಿಲ್ಲ.

ಆ ವಾರ ಮಾರುವವನು ಗ್ಯಾಸ್ ಡಬ್ಬಿ ಕೊಡಲು ಬಂದಾಗ ಕೇಳಿದೆ, ಅವತ್ತು ನೀವು ಬಾಯಿ ತೆರೆದದ್ದು ಏನು ಹೇಳುವುದಕ್ಕೆ ಎಂದು. ಅವನಿಗೆ ನೆನಪಿತ್ತು. ನನ್ನ ದುರದೃಷ್ಟ, ಆ ಅಣಕವನ್ನು ಯಾರೂ ಮರೆತಿರಲಿಲ್ಲ.

"ಬಿಚ್ಚೂದಿದ್ರೆ ಗಾಳಿದು ತಗೊಳ್ಳಿ ಅಂತ ಹೇಳೂಕೆ" ಎಂದ. "ದುಂಡು ತಲೆ, ಸಾದಾ ಮೈ. ಎಳದ್ರೆ ಬತ್ತದೆ. ನೀವು ನಗಿಸಿಬಿಟ್ರಿ. ಗಿರಾಕಿ ನಗೂವಾಗ ನಾ ಯಾಕೆ ಮಧ್ಯ ಮಾತಾಡ್ಲಿ?"

ತೋಡೂರಿನಲ್ಲಿ ಅತ್ತೆಯ ಮನೆ ಎದ್ದಿತು. ಸಾಲಿನ ಉಳಿದ ಮನೆಗಳಂತೆ ಅದೂ ಒಂದು ಮನೆ, ತಾರಸಿಯದ್ದು. ಬೇಸಿಗೆಗೆ ಒಳಗೆ ಕುದಿಯುತ್ತದೆ. ನಾನು ಸಾಮಾನು ಇಳಿಸಲು ಹೋಗಿದ್ದೆ. ಇಡೀ ದಿನ ಒಬ್ಬರ ದನಿಯನ್ನೂ ತೆಗೆಯಲಿಲ್ಲ. ಅಕ್ಕ ಹಣೆ ಮುಟ್ಟಿ ಜ್ವರವೇ ಎಂದು ನೋಡಿದಳು.

ಸಂಜೆ ಅತ್ತೆ ಹೊಸ ಮೆಟ್ಟಿಲ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಹೋಗಿ ಕೆಳಗಿನ ಮೆಟ್ಟಿಲಲ್ಲಿ ಕೂತೆ. ಅವಳು ಚಹಾ ಕುಡಿದ್ಯಾ ಎಂದಳು. ಕುಡಿದೆ ಎಂದೆ. ಊಟಕ್ಕೆ ನಿಲ್ಲು ಎಂದಳು. ಆ ಅಕ್ಕರೆಯನ್ನೇ ತಡೆದುಕೊಳ್ಳಲಾಗಲಿಲ್ಲ.

"ಅತ್ತೆ, ಒಂದ್ಸಲ ಬಾಯ್ತುಂಬ ಬೈದುಬಿಡೇ. ಅವತ್ತು ನೀ ಕೇಳಿದ್ದನ್ನ ನಾನೇ ಹಾಳು ಮಾಡ್ದೆ. ಬೈದ್ರೆ ನಂಗೆ ಸಮಾಧಾನ ಆತದೆ."

ಅವಳು ಮೊರದಿಂದ ತಲೆ ಎತ್ತಲಿಲ್ಲ. ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು.

"ಬೈಯೂದಿಲ್ಲ ತಮಾ. ಬೈದ್ರೆ ನೀ ಅದನ್ನೂ ಕಲ್ತು ನಾಕು ಜನ್ರ ಮುಂದೆ ಮಾಡ್ತಿ."