ಅತ್ತೆಯ ಹೊತ್ತು

ನನ್ನ ಸೋದರಮಾವ ವೈರಿಂಗ್ ಕೆಲಸ ಮಾಡುವವನು. ಮೂವತ್ತು ವರ್ಷ ಗೋಡೆ ಕೊರೆದು ಕೊರೆದು ಅವನ ಹುಬ್ಬಿನಲ್ಲಿ ಸಿಮೆಂಟಿನ ಪುಡಿ ಕಾಯಂ ಆಗಿ ಕೂತಿತ್ತು. ದೊಡ್ಡ ಮನೆಗಳವರು ಫೋನಿನಿಂದ ದೀಪ ಹಚ್ಚುವ, ಬಾಗಿಲು ತೆಗೆಯುವ ವ್ಯವಸ್ಥೆ ಕೇಳತೊಡಗಿದ ಮೇಲೆ ಅದನ್ನೂ ಕಲಿತ. ಅಂಥ ಒಂದು ಮನೆಯಲ್ಲಿ ಇಂಟರ್ನೆಟ್ ಹೋದ ದಿನ, ಯಜಮಾನ ತನ್ನದೇ ಬಾಗಿಲ ಮುಂದೆ ಎರಡು ಗಂಟೆ ನಿಂತಿದ್ದನಂತೆ. "ನಮ್ಮನೆ ಬಲ್ಬ್ ಹಚ್ಚೋಕೆ ಊರಾಚೆ ಇರೋನ ಅಪ್ಪಣೆ ಯಾಕೆ ಬೇಕು?" ಎಂದು ಮಾವ ಆ ಕಥೆಯನ್ನು ಮುಗಿಸುತ್ತಿದ್ದ.

ತನ್ನ ಮನೆಗೆ ಅವನು ಮಾಡಿಕೊಂಡ ವ್ಯವಸ್ಥೆ ಹಾಗಿರಲಿಲ್ಲ. ನಡುಮನೆಯ ಬೀರುವಿನ ಮೇಲೆ ಸೋಪಿನ ಡಬ್ಬಿಯಷ್ಟು ದೊಡ್ಡ ಕಂಪ್ಯೂಟರ್ ಪೆಟ್ಟಿಗೆ. ಅದರೊಳಗೆ ಉಗುರಿನಷ್ಟು ಅಗಲದ ಒಂದು ಮೆಮೊರಿ ಕಾರ್ಡ್. ದೀಪ, ಬಾಗಿಲು, ಗ್ಯಾಸು, ನೀರಿನ ಟ್ಯಾಂಕು ಎಲ್ಲದರ ಸುದ್ದಿಯೂ ಆ ಪೆಟ್ಟಿಗೆಗೆ ಬರುತ್ತಿತ್ತು. ಅಲ್ಲಿಂದ ಆಚೆಗೆ ಒಂದು ಎಳೆಯೂ ಹೋಗುತ್ತಿರಲಿಲ್ಲ. ಇಂಟರ್ನೆಟ್ಟಿನ ಹಂಗೇ ಇಲ್ಲ.

ಪೆಟ್ಟಿಗೆಗೆ ದನಿ ಕೊಟ್ಟವಳು ಅತ್ತೆ. ಅವಳು ಬಸ್ ನಿಲ್ದಾಣದಲ್ಲಿ ಇಪ್ಪತ್ತೆರಡು ವರ್ಷ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಹೇಳುತ್ತಿದ್ದಳು. ಅವಳ ಮುಖ ಗೊತ್ತಿಲ್ಲದವರಿಗೂ ದನಿ ಗೊತ್ತಿತ್ತು. ತರಕಾರಿಯವನು ಒಮ್ಮೆ ಅವಳು ಬೆಲೆ ಕೇಳಿದ ಕೂಡಲೇ ಗಾಬರಿಯಿಂದ ತನ್ನ ಚೀಲ ಎತ್ತಿಕೊಂಡನಂತೆ, ಬಸ್ಸು ಹೊರಟಿತು ಎಂದುಕೊಂಡು.

ಆಮೇಲೆ ಗಂಟಲಿನಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆದರೆ ಜೀವ ಉಳಿಯಬಹುದು, ಮಾತು ಉಳಿಯುವುದಿಲ್ಲ ಎಂದು ವೈದ್ಯರು ಹೇಳಿದರು. ಆಪರೇಷನ್ನಿಗೆ ನಾಲ್ಕು ದಿನ ಮುಂಚೆ ಅತ್ತೆ ತಾನಾಗಿಯೇ, "ನಿಮ್ಮ ಪೆಟ್ಟಿಗೆಗೆ ನಾನು ಮಾತು ಕಲಿಸ್ತೀನಿ" ಎಂದಳು. ಮಾವ ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಅವಳ ಮುಂದೆ ಮೈಕು ಹಿಡಿದ. ಅವಳು ಬೆವರುತ್ತ ಮೂವತ್ತೊಂದು ವಾಕ್ಯ ಹೇಳಿದಳು. ಬಾಗಿಲು ತೆರೆದಿದೆ, ಗ್ಯಾಸ್ ನೋಡಿ, ಬೆಳಗಾಯಿತು ಏಳಿ, ಹೀಗೆ. ಮಧ್ಯಾಹ್ನ ಒಂದು ಗಂಟೆಗೆಂದು, "ಊಟಕ್ಕೆ ಬನ್ನಿ. ಮಾತ್ರೆ ಮರೀಬೇಡಿ" ಎಂದಳು. ಮಾವನಿಗೆ ಸಕ್ಕರೆ ಕಾಯಿಲೆಯಿತ್ತು. ಟ್ಯಾಂಕು ತುಂಬಿದಾಗ ಮೋಟರನ್ನೂ ಪೆಟ್ಟಿಗೆಯೇ ನಿಲ್ಲಿಸಲಿ ಎಂದು ಮಾವ ಹೇಳಿದ್ದಕ್ಕೆ ಅವಳು ಒಪ್ಪಲಿಲ್ಲ. ಎಲ್ಲವನ್ನೂ ಅದೇ ಮಾಡಿದರೆ ಮನೆಗೆ ಗಂಡಸು ಯಾಕೆ ಎಂದು ಕೇಳಿದಳಂತೆ. ನನ್ನ ಅಮ್ಮ ಮಾವನ ತಂಗಿ, ಆವತ್ತು ಅಲ್ಲೇ ಇದ್ದಳು. "ಗೋಡೆಗೆ ಕಿವಿ ಇರತ್ತೆ ಅಂತಾರೆ. ನೀನು ಬಾಯೂ ಇಟ್ಟೆಯಲ್ಲಣ್ಣ, ಇನ್ನು ಈ ಮನೇಲಿ ನಿನ್ನ ಮಾತು ನಡೆದ ಹಾಗೇ" ಎಂದು ನಗಿಸಲು ನೋಡಿದಳು.

ಎಲ್ಲ ಮುಗಿದ ಮೇಲೆ ಅತ್ತೆ ಗಂಡನಿಂದ ಒಂದು ಮಾತು ತೆಗೆದುಕೊಂಡಳು. "ಇಪ್ಪತ್ತೆರಡು ವರ್ಷ ಊರಿಗೆಲ್ಲ ಕೂಗಿದ್ದಾಯ್ತು. ಇದು ಮನೆಗೆ ಮಾತ್ರ. ಇನ್ನೊಂದು ಕಾಪಿ ಮಾಡಬೇಡಿ, ಫೋನಿಗೂ ಹಾಕಬೇಡಿ." ಮಾವ ಹೂಂ ಎಂದ.

ಆಪರೇಷನ್ನಿನ ನಂತರ ಅವಳು ಒಂದೂವರೆ ವರ್ಷ ಬದುಕಿದಳು, ಸ್ಲೇಟು ಹಿಡಿದುಕೊಂಡು. ಮನೆ ಅವಳ ದನಿಯಲ್ಲಿ ಮಾತಾಡಿದರೆ ತಲೆಯೆತ್ತಿ ಕೇಳಿ, ಯಾರೋ ಗೆಳತಿಯ ಮಾತು ಕೇಳಿದಂತೆ ತಲೆಯಾಡಿಸುತ್ತಿದ್ದಳು. ಅಷ್ಟರಲ್ಲಿ ಬಸ್ ನಿಲ್ದಾಣದವರು ಅವಳ ಹಳೆಯ ರೆಕಾರ್ಡಿಂಗುಗಳನ್ನೆಲ್ಲ ಅಳಿಸಿ ಯಂತ್ರದ ದನಿ ಹಾಕಿಕೊಂಡಿದ್ದರು. ಅವಳು ತೀರಿಕೊಂಡಾಗ ಲೋಕದಲ್ಲಿ ಅವಳ ದನಿ ಉಳಿದದ್ದು ಆ ಬೀರುವಿನ ಮೇಲೆ ಮಾತ್ರ.

ಆಗ ಮಧ್ಯಾಹ್ನದ ಹೊತ್ತು ನಾನು ಮನೆಯಲ್ಲೇ ಇರುತ್ತಿದ್ದೆ. ಮಾವನ ಮನೆ ನಮ್ಮದಕ್ಕೆ ಗೋಡೆ ಹಂಚಿಕೊಂಡ ಮನೆ. ಬೀಗ ಹಾಕಿದ ಆ ಮನೆಯೊಳಗಿಂದ ದಿನಾ ಒಂದು ಗಂಟೆಗೆ, "ಊಟಕ್ಕೆ ಬನ್ನಿ" ಎಂದು ಕೇಳುತ್ತಿತ್ತು. ಮಾವ ಎಲ್ಲೋ ಏಣಿಯ ಮೇಲೆ ಇರುತ್ತಿದ್ದ. ಅತ್ತೆ ಇದ್ದಾಗಲೂ ಅವನು ಮಧ್ಯಾಹ್ನದ ಊಟಕ್ಕೆ ಬಂದವನಲ್ಲ. ಕೆಲಸದ ಜಾಗದಲ್ಲೇ ಡಬ್ಬಿ ಬಿಚ್ಚುತ್ತಿದ್ದ.

ಇಂಟರ್ನೆಟ್ ಇಲ್ಲದ ಪೆಟ್ಟಿಗೆಗೆ ಸಮಯ ಹೇಳುವವರು ಯಾರೂ ಇಲ್ಲ. ಅದಕ್ಕೆಂದೇ ಒಳಗೆ ಅಂಗಿಯ ಗುಂಡಿಯಷ್ಟು ಗಾತ್ರದ ಸೆಲ್ ಇರುತ್ತದೆ. ಕರೆಂಟು ಹೋದರೂ ಅದು ಗಡಿಯಾರವನ್ನು ನಡೆಸುತ್ತದೆ. ಅತ್ತೆ ಹೋದ ಮರುವರ್ಷ ಆ ಸೆಲ್ ಸತ್ತಿತು. ಕರೆಂಟು ಹೋದಾಗ ಪೆಟ್ಟಿಗೆಯನ್ನು ನಡೆಸಬೇಕಿದ್ದ ಬ್ಯಾಟರಿಯೂ ಹಳತಾಗಿತ್ತು. ವೈರಿಂಗಿನವನ ಮನೆ, ದೀಪದ ಬುಡದಲ್ಲೇ ಕತ್ತಲೆ. ಅರ್ಧ ಗಂಟೆ ಕರೆಂಟು ಹೋದರೆ ಮನೆ ಅರ್ಧ ಗಂಟೆ ಹಿಂದೆ ಬೀಳುತ್ತಿತ್ತು. ಮೊದಮೊದಲು ಮಾವ ಪ್ರತಿ ಸಲ ಕೈಯಿಂದ ಸರಿಮಾಡುತ್ತಿದ್ದ.

ಒಂದು ವಾರ ರಸ್ತೆ ಅಗೆದಿದ್ದರಿಂದ ಕರೆಂಟು ಬಂದು ಹೋಗಿ ಮಾಡಿತು. ಮಾವ ಸೋತು ಹಾಗೇ ಬಿಟ್ಟ. ವಾರದ ಕೊನೆಗೆ, ಸಂಜೆ ಐದೂವರೆಗೆ ಅವನು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಮನೆ, "ಊಟಕ್ಕೆ ಬನ್ನಿ. ಮಾತ್ರೆ ಮರೀಬೇಡಿ" ಎಂದಿತು.

ಆಮೇಲೆ ಅವನು ಗಡಿಯಾರ ಮುಟ್ಟಲಿಲ್ಲ. ಮತ್ತೆ ಕರೆಂಟು ಹೋದರೆ, ಆ ಐದೂವರೆ ತಪ್ಪದಂತೆ ಮಾತ್ರ ಸರಿಮಾಡಿಕೊಳ್ಳುತ್ತಿದ್ದ. ಮೊದಮೊದಲು ನಮಗಿದು ತಿಳಿಯಲಿಲ್ಲ. ನಡುಹಗಲಿನಲ್ಲಿ ಖಾಲಿ ಮನೆ, "ಬೆಳಗಾಯಿತು, ಏಳಿ" ಎನ್ನುವುದು ಕೇಳಿ ಅಮ್ಮ, ಹೊತ್ತು ಗೊತ್ತಿಲ್ಲದ ಮನೆಯಾಯಿತು ಎಂದು ಗೊಣಗಿದಳು. ಮಾವ ಡಬ್ಬಿ ಒಯ್ಯುವುದನ್ನು ಬಿಟ್ಟಿದ್ದಾನೆ, ಬೆಳಿಗ್ಗೆ ಒಂದು ಲೋಟ ಚಹಾ ಕುಡಿದು ಹೋದವನು ಐದೂವರೆಯವರೆಗೆ ಏನೂ ತಿನ್ನುವುದಿಲ್ಲ ಎನ್ನುವುದು ಗೊತ್ತಾದದ್ದು ಅವನು ತಲೆಸುತ್ತಿ ಏಣಿಯಿಂದ ಬಿದ್ದ ದಿನ. ಮೂರನೆಯ ಮೆಟ್ಟಿಲಿನಿಂದ ಬಿದ್ದದ್ದರಿಂದ ಮಣಿಕಟ್ಟು ಮಾತ್ರ ಮುರಿಯಿತು. ಇನ್ನೊಮ್ಮೆ ಹೀಗಾದರೆ ಕಟ್ಟು ಹಾಕುವುದಕ್ಕೆ ತಮ್ಮ ಹತ್ತಿರ ಕರೆತರುವ ಕೆಲಸ ಇರುವುದಿಲ್ಲ ಎಂದು ವೈದ್ಯರು ಬೈದರು.

ಅಮ್ಮ ಸಿಟ್ಟಿನಲ್ಲಿ ಒಂದು ತಟ್ಟೆ ಊಟ ತಂದು ಅವನ ಮುಂದಿಟ್ಟು ಯಾಕೆ ಹೀಗೆ ಮಾಡಿದೆ ಎಂದು ಕೇಳಿದಳು. ಮಾವ ತಟ್ಟೆ ನೋಡುತ್ತ ಹೇಳಿದ.

"ಅವಳು ದಿನಾ ಕರೆದಳು. ನಾನು ಒಂದು ದಿನಾನೂ ಹೋಗಿರಲಿಲ್ಲ. ಈಗ ಅವಳು ಕರೆದಾಗ ನಾನು ಮನೇಲಿರ್ತೀನಿ."

ಅಮ್ಮನ ಸಿಟ್ಟು ಇಳಿದುಹೋಯಿತು. ಅವಳು ಅವನ ಪಕ್ಕ ಕೂತಳು. "ಅಣ್ಣ, ಅವಳನ್ನ ಐದೂವರೆಗೆ ಎಳ್ಕೊಂಡು ಬರೋದ್ಯಾಕೆ? ನೀನೇ ಒಂದು ಗಂಟೆಗೆ ಬಾ."

ಹಾಗೇ ಮಾಡುವುದೆಂದು ತೀರ್ಮಾನವಾಯಿತು. ಇನ್ನು ಹತ್ತಿರದ ಕೆಲಸವನ್ನಷ್ಟೇ ಒಪ್ಪಿಕೊಳ್ಳುವುದು, ಒಂದು ಗಂಟೆಗೆ ಮನೆಗೆ ಬರುವುದು. ಮತ್ತೆ ಹಿಂದೆ ಬೀಳದಂತೆ ಹೊಸ ಸೆಲ್ ಹಾಕುವುದು. ಅದಕ್ಕೆ ಪೆಟ್ಟಿಗೆಯನ್ನು ಪೂರ್ತಿ ಆರಿಸಿ ಬಿಚ್ಚಬೇಕಿತ್ತು. ಭಾನುವಾರ ಬೆಳಿಗ್ಗೆ ಮಾವ ಕಟ್ಟು ಹಾಕಿದ ಕೈಯಲ್ಲೇ ಪೆಟ್ಟಿಗೆಯನ್ನು ಕೆಳಗಿಳಿಸಿದ. ವರ್ಷಗಟ್ಟಲೆ ದುಡಿದ ಕಾರ್ಡು, ಕರೆಂಟು ಹೋಗಿ ಬಂದು ಮೊದಲೇ ಸವೆದಿದೆ, ಈ ಸಲ ಆರಿಸಿದರೆ ಮತ್ತೆ ಏಳದೇ ಹೋಗಬಹುದು ಎಂದು ಅವನೇ ಹೇಳಿದ. ಹಾಗಾದರೆ ಮೊದಲು ಅವಳ ಮಾತನ್ನೆಲ್ಲ ಬೇರೆ ಕಡೆ ಇಳಿಸಿಕೋ ಎಂದಳು ಅಮ್ಮ. ಗಿರಾಕಿಗಳಿಗೆಲ್ಲ ಅವನು ಹೇಳುತ್ತಿದ್ದದ್ದೂ ಅದನ್ನೇ. ಕಾಪಿ ಇಲ್ಲದ ಪೆಟ್ಟಿಗೆಯನ್ನು ಮುಟ್ಟಬೇಡಿ ಎಂದು.

"ಬೇಡ ಅಂದಿದ್ದಾಳೆ" ಎಂದ ಮಾವ.

"ಅವಳಿಗೆ ಈಗ ಗೊತ್ತಾಗತ್ತಾ?"

"ನಂಗೆ ಗೊತ್ತಾಗತ್ತಲ್ಲ."

ಅವನು ಪೆಟ್ಟಿಗೆ ಆರಿಸಿದ. ಮನೆಯೊಳಗೆ ಯಾವಾಗಲೂ ಇರುತ್ತಿದ್ದ, ನಾವು ಮರೆತೇ ಬಿಟ್ಟಿದ್ದ ಸಣ್ಣ ಗುಂಯ್ ಸದ್ದು ನಿಂತಿತು. ಹಳೆಯ ಸೆಲ್ ತೆಗೆದು, ಹೊಸದನ್ನು ಅಂಗಿಯ ತುದಿಯಿಂದ ಒರೆಸಿ ಕೂರಿಸಿದ. ಮತ್ತೆ ಚಾಲೂ ಮಾಡಿದ. ಕೆಂಪು ದೀಪ ಹತ್ತಿತು. ಅದರ ಪಕ್ಕದ ಹಸಿರು ದೀಪ ಹತ್ತಲಿಲ್ಲ. ಮಾವ ಮೂರು ಸಲ ಪ್ರಯತ್ನಿಸಿ, ಆಮೇಲೆ ಕೈ ತೊಳೆದುಕೊಂಡು ಬಂದು ನಾಲ್ಕನೆಯ ಸಲ ಪ್ರಯತ್ನಿಸಿದ.

ಎರಡು ವಾರ ಅವನು ಆ ಕಾರ್ಡಿನ ಮೇಲೆ ಬಗ್ಗಿಕೊಂಡು ಕೂತ. ಹಾಳಾದ ಕಾರ್ಡಿನಿಂದ ಓದಲು ಸಿಕ್ಕಿದ್ದನ್ನು ಹೊಸ ಕಾರ್ಡಿಗೆ ಒಂದೊಂದಾಗಿ ಇಳಿಸಿದ. ಇದು ಇನ್ನೊಂದು ಕಾಪಿ ಅಲ್ಲ, ಹಳೆಯದು ಇಲ್ಲವಲ್ಲ ಎಂದು ನಾವು ಕೇಳದಿದ್ದರೂ ಹೇಳಿದ. ದೀಪಗಳು ಮೊದಲಿನಂತೆ ಹತ್ತಿದವು, ಬಾಗಿಲಿನ ಸುದ್ದಿ ಬಂತು, ಗಡಿಯಾರವೂ ಸರಿಯಾಯಿತು. ಮೂವತ್ತೊಂದು ವಾಕ್ಯಗಳಲ್ಲಿ ಮೂವತ್ತು ಬರೀ ಗರಗರ ಎಂದವು. ಉಳಿದದ್ದು ಟ್ಯಾಂಕಿನದು.

ಮಾವ ಈಗ ಒಂದು ಗಂಟೆಗೆ ಐದು ನಿಮಿಷ ಇರುವಾಗ ಮನೆಗೆ ಬರುತ್ತಾನೆ. ಒಂದು ದಿನವೂ ತಪ್ಪಿಸಿಲ್ಲ. ಅಮ್ಮ ಕೊಟ್ಟ ತಟ್ಟೆಯನ್ನು ನಾನು ಅಲ್ಲಿಟ್ಟು ಬರುತ್ತೇನೆ, ಹಾಗಾಗಿ ನೋಡಿದ್ದೇನೆ. ಬಂದವನು ಚಪ್ಪಲಿ ಬಿಟ್ಟು ಮೊದಲು ಮೋಟರ್ ಹಾಕುತ್ತಾನೆ. ಬೆಳಿಗ್ಗೆಯೇ ತುಂಬಿಸಿದ ಟ್ಯಾಂಕು, ತುಂಬಲು ಹೆಚ್ಚು ಹೊತ್ತು ಬೇಕಿಲ್ಲ. ಮಾತ್ರೆ ನುಂಗಿ ತಟ್ಟೆಯ ಮುಂದೆ ಕೂರುತ್ತಾನೆ, ಆದರೆ ಊಟಕ್ಕೆ ಕೈ ಹಾಕುವುದಿಲ್ಲ. ಗೋಡೆಯೊಳಗಿನ ಪೈಪಿನಲ್ಲಿ ನೀರು ಏರುವ ಸದ್ದು ಕೇಳುತ್ತಿರುತ್ತದೆ.

ಆಮೇಲೆ ಬೀರುವಿನ ಮೇಲಿನಿಂದ, ಬಸ್ಸು ಹೊರಡಿಸುವ ಗತ್ತಿನಲ್ಲಿ, ಅತ್ತೆ ಹೇಳುತ್ತಾಳೆ. "ಟ್ಯಾಂಕ್ ತುಂಬಿತು. ಎದ್ದು ಮೋಟರ್ ಆಫ್ ಮಾಡಿ."

"ಬಂದೆ" ಎನ್ನುತ್ತಾನೆ ಮಾವ. ಎದ್ದು ಹೋಗಿ ಆಫ್ ಮಾಡಿ ಬಂದು, ಊಟ ಶುರು ಮಾಡುತ್ತಾನೆ.